ನುಂಗಿದ ಮುದ್ದೆ, ಉದುರಿದ ಹಲ್ಲು

ಕಳೆದ ಸೋಮವಾರ ನನ್ನ ಅಣ್ಣನ ಮಗಳು ಮಾದೇವಿಯ ನಾಲ್ಕು ಮುಂಬಲ್ಲು ಹೋದವು. ನಾಲ್ಕೂ ನೇರವಾಗಿದ್ದವು.

ನೇರ ಮಾಡಿಸಿದ್ದು ನಾವೇ. ಎರಡು ವರ್ಷದ ಹಿಂದೆ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯವರು ಅವಳನ್ನು ನೋಡಲು ನಮ್ಮೂರು ಉಡಿಗಾಲಕ್ಕೆ ಬಂದಿದ್ದರು. ಹುಡುಗನ ತಾಯಿ ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಹುಡ್ಗಿ ಚಂದಾಗವ್ಳೆ. ಹಲ್ಲು ವಸಿ ಮುಂದಕ್ಕವೆ. ಸರಿ ಮಾಡ್ಸಿ, ಕಾಯ್ತೀವಿ" ಎಂದರು. ಮೈಸೂರಿನಲ್ಲಿ ಅದಕ್ಕೂ ಡಾಕ್ಟರಿದ್ದಾರೆ ಎಂದವನು ನಾನು. ಕರೆದುಕೊಂಡು ಹೋದವನೂ ನಾನು. (ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಅಪಾಯ ಶುರುವಾದದ್ದು ಅಲ್ಲಿಂದಲೇ.)

ಡಾಕ್ಟರು ಹಲ್ಲಿಗೆ ಲೋಹದ ಪಟ್ಟಿ ಕೂರಿಸಿ, ಮೇಲೆ ತಂತಿ ಬಿಗಿದರು. ಪ್ರತಿ ಊಟವಾದ ಮೇಲೂ ಬ್ರಶ್ಶಿನಿಂದ ತಂತಿಯ ಮೇಲೆ, ಕೆಳಗೆ, ಒಸಡಿನ ಅಂಚಿನಲ್ಲಿ ಮೆತ್ತಗೆ ಉಜ್ಜಬೇಕು, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದರು. ಬ್ರಶ್ಶು ಕೊಂಡುತಂದೆ. ಹೇಳಿದ್ದನ್ನು ಹೇಳಿದೆ.

ನನ್ನ ಅವ್ವ ಕೇಳಿ ನಕ್ಕಳು. "ಮೂರೊತ್ತೂ ಉಣ್ಣದು ಮುದ್ದೆ. ಮುದ್ದೆ ನುಂಗದು ಕಣಮ್ಮಿ, ಅಗಿಯದಲ್ಲ. ನುಂಗಿದ್ದು ಹಲ್ಲಿಗೆಲ್ಲಿ ಸೋಕ್ತದೆ?"

ಯಾರು ಎದುರು ಮಾತಾಡಿಯಾರು? ನಮ್ಮ ಕಡೆ ರಾಗಿಮುದ್ದೆ ಅಗಿಯುವವನನ್ನು ಕಂಡರೆ ಮಕ್ಕಳೂ ನಗುತ್ತವೆ. ಬ್ರಶ್ಶು ಗೂಡು ಸೇರಿತು. ಬೆಳಗ್ಗೆ ಒಂದು ಸಲ ಇದ್ದಿಲ ಪುಡಿ, ತೋರುಬೆರಳು. ಅಷ್ಟೇ.

ಮುದ್ದೆ ಸೋಕಲಿಲ್ಲ, ಸರಿ. ಜೊತೆಗಿದ್ದ ಸೊಪ್ಪು? ಹುರುಳಿಕಾಳು? ತಂತಿಯ ಸಂದಿನಲ್ಲಿ ಕೂತವು. ಕೊಳೆತವು. ಒಸಡು ಊದಿತು. ಉಗುಳು ಕೆಂಪಾಯಿತು. "ಕೆಟ್ಟ ರಕ್ತ, ಓಗ್ಲಿ ಬುಡು" ಎಂದಳು ಅವ್ವ. ರಕ್ತ ಬರುತ್ತದೆಂದು ಬೆರಳೂ ನಿಂತಿತು. ರಕ್ತ ಕಂಡಾಗ ಉಜ್ಜುವುದನ್ನು ಬಿಡಬಾರದು, ಡಾಕ್ಟರ ಹತ್ತಿರ ಓಡಬೇಕು ಎಂಬುದು ಈಗ ಗೊತ್ತು. ಈಗ ಗೊತ್ತಾಗಿ ಏನು? ಎಂಟು ತಿಂಗಳು ನಾನು ಅವಳನ್ನು ಮೈಸೂರಿಗೆ ಕರೆದೊಯ್ಯಲೇ ಇಲ್ಲ. ಬಿಡುವಿರಲಿಲ್ಲ. (ಏನು ಮಾಡುತ್ತಿದ್ದೆ? ಜ್ಞಾಪಕವಿಲ್ಲ.)

ಸೋಮವಾರ ಡಾಕ್ಟರು ತಂತಿ ಬಿಚ್ಚಿ, ಮುಂಬಲ್ಲಿನ ಮೇಲೆ ಬೆರಳಿಟ್ಟರು. ಅಲ್ಲಾಡಿತು. ಪಕ್ಕದ್ದೂ ಅಲ್ಲಾಡಿತು.

"ಹಿಡಿದುಕೊಳ್ಳಲು ಒಸಡೂ ಇಲ್ಲ, ಮೂಳೆಯೂ ಇಲ್ಲ. ಇಷ್ಟು ದಿನ ತಂತಿಯೇ ಹಿಡಿದಿತ್ತು" ಎಂದರು. ನಾಲ್ಕನ್ನೂ ತೆಗೆದರು.

ವಾಪಸು ಚಾಮರಾಜನಗರದ ರೈಲು. ಮಾದೇವಿ ಕಿಟಕಿಯ ಪಕ್ಕ, ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಸಮಾಧಾನ ಹೇಳಲು ಹೋದೆ. "ಅಜ್ಜಿಗೆ ತಿಳೀಲಿಲ್ಲ ಕಣಮ್ಮಿ. ಹಳೇ ಕಾಲದವಳು." (ಅವ್ವ ತೀರಿಕೊಂಡು ಆರು ತಿಂಗಳು. ಸತ್ತವರ ಮೇಲೆ ಏನು ಹೊರಿಸಿದರೂ ಅವರು ಇಳಿಸುವುದಿಲ್ಲ.)

ಮಾದೇವಿ ಸೆರಗು ತೆಗೆದಳು.

"ಮುದ್ದೆ ಮಾತು ಅಜ್ಜಿ ಆಡುದ್ದಲ್ಲ ಚಿಕ್ಕಪ್ಪ. ನೀವು. ಅಜ್ಜಿ ನಕ್ತು, ಅಷ್ಟೇಯ."

ಮೇಲೆ ಆ ಮಾತನ್ನು ಅವ್ವನ ಬಾಯಲ್ಲಿಟ್ಟು ಬರೆದಿದ್ದೇನೆ, ನೋಡಿ. ಹೊಡೆದುಹಾಕಬಹುದಿತ್ತು. ಹಾಕಲಿಲ್ಲ. ನನಗೆ ಕೇಳಿಸುವುದು ಇವತ್ತಿಗೂ ಅವ್ವನ ದನಿಯೇ. ಬಳೆಯ ಸದ್ದು, ನಗು, ಎಲ್ಲ ಸಮೇತ. ಅಷ್ಟು ಒಪ್ಪವಾಗಿ ಕೇಳಿಸುತ್ತಿದೆ ಎಂಬುದಕ್ಕೇ ನನಗೆ ಅನುಮಾನ. ಅವ್ವ ಆಡಿದ್ದಳೆಂದೇ ಇಟ್ಟುಕೊಳ್ಳಿ. ಡಾಕ್ಟರ ಮಾತು ಕಿವಿಯಾರೆ ಕೇಳಿದ್ದವನು ಮನೆಯಲ್ಲಿ ಒಬ್ಬನೇ. ಅವನೂ ನಕ್ಕ.

ಶುಕ್ರವಾರ ಬರುತ್ತೇವೆಂದು ಗುಂಡ್ಲುಪೇಟೆಯವರ ಕಾಗದ ಬಂದಿದೆ. ಅಣ್ಣ ಅದನ್ನು ನನ್ನ ಕೈಗೆ ಕೊಟ್ಟ. ಉತ್ತರ ನಾನು ಬರೆಯಬೇಕು. ಏನೆಂದು ಬರೆಯಲಿ?

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಮುದ್ದೆಯನ್ನು ತಟ್ಟೆಯಲ್ಲೇ ಹೊರಳಿಸುತ್ತಿದ್ದೆ. ಎದುರಿಗೆ ಮಾದೇವಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು. ನನ್ನ ತಟ್ಟೆ ನೋಡಿದಳು.

"ಉಣ್ಣಿ ಚಿಕ್ಕಪ್ಪ. ಮುದ್ದೆ ನುಂಗಕ್ಕೆ ಹಲ್ಲು ಬ್ಯಾಡ, ಅಲ್ವಾ?"