ಕಣ್ಣು ಮುಚ್ಚಿ ನುಡಿಸಿದ ಸರದಿ

ಬೆಳಿಗ್ಗೆ ಕನ್ನಡಕದ ಅಂಗಡಿಯ ಬಾಗಿಲು ತೆರೆದ ಕೂಡಲೇ ನಮ್ಮ ಚಿಕ್ಕಪ್ಪ ಗಿರಾಕಿಗಳ ಕನ್ನಡಿಯ ಮುಂದೆ ನಿಂತು ಒಂದು ಹಾಡಿನಷ್ಟು ಹೊತ್ತು ಪಿಟೀಲು ನುಡಿಸುತ್ತಾರೆ. ಜ್ವರ ಬಂದರೂ ತಪ್ಪಿಸಿದವರಲ್ಲ. ನುಡಿಸುತ್ತಾ ತಮ್ಮ ಕಣ್ಣನ್ನೇ ದಿಟ್ಟಿಸುತ್ತಿರುತ್ತಾರೆ. "ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕೋ ಆ ಅಂದ" ಎಂದು ಚಿಕ್ಕಮ್ಮ ಗೊಣಗುತ್ತಾರೆ. ಅಂದಕ್ಕಲ್ಲ ಎಂದು ಅವರಿಗೂ ಗೊತ್ತು.

ಚಿಕ್ಕಂದಿನಲ್ಲಿ ಪಿಟೀಲು ಕಲಿಸಿದವರು, ಕಣ್ಣು ಮುಚ್ಚಿದರೆ ಕಿವಿ ತೆರೆಯುತ್ತದೆ ಎನ್ನುತ್ತಿದ್ದರಂತೆ. ಹಾಗಾಗಿ ಪ್ರಾರ್ಥನೆಗೆ ಕೂತವರಂತೆ ನುಡಿಸುವುದೇ ಚಿಕ್ಕಪ್ಪನಿಗೆ ರೂಢಿ. ನಡುವಯಸ್ಸಿನಲ್ಲಿ ಅವರಿಗೆ ಜಾಝ್ ಹುಚ್ಚು ಹತ್ತಿತು. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಪಿಯಾನೋ ನುಡಿಸುವ ಮೇಷ್ಟ್ರು ಕನ್ನಡಕ ಮಾಡಿಸಲು ಬಂದು ಸ್ನೇಹಿತರಾದರು, ಜಾಝ್ ಕಲಿಸಿದವರೂ ಅವರೇ. ಅದರಲ್ಲಿ ಬರೆದಿಟ್ಟ ಸ್ವರಕ್ಕೆ ಜೋತುಬೀಳದೆ ಆ ಗಳಿಗೆಗೆ ಹೊಳೆದದ್ದನ್ನು ನುಡಿಸಬೇಕು. ಒಬ್ಬೊಬ್ಬರಿಗೂ ಒಂದು ಸರದಿ. ಇನ್ನು ನನಗೆ ಬಿಡು ಎಂದು ಬಾಯಲ್ಲಿ ಹೇಳುವಂತಿಲ್ಲ, ತಲೆಯಾಡಿಸಿ ತಿಳಿಸಬೇಕು.

"ಕನ್ನಡಕದವ್ರೇ, ಊರಿಗೆಲ್ಲ ಕಣ್ಣು ಕೊಡ್ತೀರ, ನೀವು ಮಾತ್ರ ಮುಚ್ಕೊಂಡೇ ಇರ್ತೀರಲ್ಲ" ಎಂದು ಮೇಷ್ಟ್ರು ಛೇಡಿಸುತ್ತಿದ್ದರು. ಚಿಕ್ಕಪ್ಪ ನಗುತ್ತಿದ್ದರು.

ಒಂದು ಸಂಜೆ, ಪ್ರಯಾಣಿಕರ ಹಡಗಿನ ವಾದ್ಯತಂಡಕ್ಕೆ ಪಿಯಾನೋದವರನ್ನು ಹುಡುಕುತ್ತಾ ಅದರ ಮ್ಯಾನೇಜರು ಹೋಟೆಲಿಗೆ ಬಂದರು. ರೈಲು ಹಿಡಿಯುವ ಆತುರ, ಒಂದೇ ಹಾಡು ಕೇಳುತ್ತೇನೆ ಎಂದರು. ಮೇಷ್ಟ್ರು ವರ್ಷಗಳಿಂದ ಆಸೆಪಟ್ಟಿದ್ದ ಕೆಲಸ ಅದು. ಒಬ್ಬರೇ ನುಡಿಸಬಹುದಿತ್ತು. ಆದರೂ ಚಿಕ್ಕಪ್ಪನನ್ನು ಜೊತೆಗೆ ನಿಲ್ಲಿಸಿಕೊಂಡು ಮೊದಲ ಸರದಿ ಅವರಿಗೇ ಕೊಟ್ಟರು.

ಅಂದು ಚಿಕ್ಕಪ್ಪನ ಕಮಾನು ಹಿಂದೆಂದೂ ಓಡದ ಹಾಗೆ ಓಡಿತು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮೇಷ್ಟ್ರು ತಲೆಯಾಡಿಸಿದರು, ಮತ್ತೊಮ್ಮೆ ಆಡಿಸಿದರು, ಆಮೇಲೆ ಕೈಸೋತು ಪಕ್ಕವಾದ್ಯದಂತೆ ಹಿಂಬಾಲಿಸುತ್ತಾ ಹೋದರು. ಹಾಡು ಮುಗಿದು ಚಿಕ್ಕಪ್ಪ ಕಣ್ಣು ತೆರೆದಾಗ ಮ್ಯಾನೇಜರು ಕೋಟು ತೊಟ್ಟು ಹೊರಟಾಗಿತ್ತು.

"ಇವತ್ತು ಚೆನ್ನಾಗಿ ಬಂತು" ಎಂದಷ್ಟೇ ಹೇಳಿ ಮೇಷ್ಟ್ರು ಪಿಯಾನೋ ಮುಚ್ಚಿದರಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಚಿಕ್ಕಪ್ಪ ಈಗಲೂ ಹೇಳುತ್ತಾರೆ. ಮತ್ತೆಂದೂ ಅವರು ಹೋಟೆಲಿಗೆ ಪಿಟೀಲು ಒಯ್ಯಲಿಲ್ಲ. ಕಣ್ಣು ಬಿಟ್ಟು ನುಡಿಸುವುದನ್ನು ಕನ್ನಡಿಯ ಮುಂದೆ ಒಬ್ಬರೇ ಕಲಿತರು, ಕಲಿತು ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ.

ಹೋದ ವಾರ ಮೇಷ್ಟ್ರು ಅಂಗಡಿಗೆ ಬಂದರು. ಬೆರಳು ಮೊದಲಿನಂತೆ ಓಡುವುದಿಲ್ಲ, ಹೋಟೆಲಿನ ಕೆಲಸ ಬಿಡುತ್ತಿದ್ದಾರೆ.

"ಕೊನೇ ದಿನ ನೀವೂ ಬನ್ನಿ. ನನ್ನ ಸರದೀನೂ ನೀವೇ ತಗೊಳ್ಳಿ, ಜನ ಕೇಳ್ಲಿ."

ಚಿಕ್ಕಪ್ಪ ಅವರ ಕನ್ನಡಕದ ಸಡಿಲವಾದ ತಿರುಪು ಬಿಗಿಮಾಡಿ, ಗಾಜು ಒರೆಸಿ ಕೈಗಿಟ್ಟರು.

"ಬೇಡ ಮೇಷ್ಟ್ರೇ. ಬರ್ತೀನಿ, ಆದ್ರೆ ಪಿಟೀಲು ತರಲ್ಲ. ಹಡಗಿನವ್ರು ಬಂದ ದಿನ ನೀವು ನುಡಿಸ್ಬೇಕು ಅಂತಿದ್ರಲ್ಲ, ಅದನ್ನ ನುಡಿಸಿ."