ಮಂಗನಿಗೆ ತಾಗದ ಹಾಗೆ

ನಾನು ಬಿಲ್ಲು ಹಿಡಿದದ್ದು ಮದುವೆಯಾದ ಎರಡನೇ ವರ್ಷ, ಅರವತ್ತರ ದಶಕದ ನಡುವೆ. ಕಲಿಸಿದವರು ನನ್ನ ಅತ್ತೆ. ಸಾಗರದ ಪೇಟೆಯಲ್ಲಿ ಬೆಳೆದ ನನಗೆ ಬಿಲ್ಲು ಅಂದರೆ ಕ್ಯಾಲೆಂಡರಿನ ರಾಮನ ಹೆಗಲ ಮೇಲಿರುವುದು. ಹೊಸನಗರದ ಕಡೆಯ ಆ ಹಳ್ಳಿಯಲ್ಲಿ ಅದು ಬಾಗಿಲ ಹಿಂದೆ, ಪೊರಕೆಯ ಪಕ್ಕದಲ್ಲಿ ನಿಂತಿರುತ್ತಿತ್ತು. ಬಿದಿರಿನ ಬಿಲ್ಲು, ನಾರಿನ ಜೋಡಿ ಹುರಿ, ಹುರಿಯ ನಡುವೆ ಹೆಣೆದ ಪುಟ್ಟ ಪಟ್ಟಿ. ಬಾಣ ಇಲ್ಲ. ಪಟ್ಟಿಯಲ್ಲಿ ಹುತ್ತದ ಮಣ್ಣಿನ ಗುಂಡು ಇಟ್ಟು ಎಳೆದು ಬಿಡುವುದು. ಕಾಡಂಚಿನ ಗದ್ದೆಗೆ ಇಳಿಯುವ ಮಂಗಗಳಿಗೆ ಅದೇ ಔಷಧ.

ಅತ್ತೆಯ ಗುರಿ ಊರಿಗೇ ಗೊತ್ತಿತ್ತು. ಅದೇ ಅವರ ಕಾಲು ಕಟ್ಟಿಹಾಕಿತ್ತು. ಮಾವನ ಬಲದೋಳು ಮೇಲೆ ಏಳುತ್ತಿರಲಿಲ್ಲ, ನನ್ನ ಗಂಡ ಬೆಳಗಾದರೆ ಗಾಡಿ ಕಟ್ಟಿಕೊಂಡು ಹೋಗುವವರು. ಭತ್ತ ಮುಗಿದರೆ ಬಾಳೆ, ಬಾಳೆ ಮುಗಿದರೆ ಹಲಸು. ಮಂಗಗಳಿಗೆ ರಜೆ ಇಲ್ಲ, ಅತ್ತೆಗೂ ಇಲ್ಲ. ತೀರ್ಥಹಳ್ಳಿ ಹತ್ತಿರದ ತವರಿನಲ್ಲಿ ಅವರು ನಾಲ್ಕು ದಿನ ಉಳಿದು ಹನ್ನೆರಡು ವರ್ಷವಾಗಿತ್ತು. ಆ ವರ್ಷ ದೀಪಾವಳಿ ಕಳೆದ ಮೇಲೆ ಅವರ ತಾಯಿ ಹೇಳಿಕಳಿಸಿದರು: ಕಣ್ಣು ಮಂಜಾಗುತ್ತಿದೆ, ಪೂರ್ತಿ ಹೋಗುವ ಮೊದಲು ಮಗಳ ಮುಖ ಒಮ್ಮೆ ನೋಡಬೇಕು. ಅತ್ತೆ ಸುದ್ದಿ ಕೇಳಿ, "ತೆನೆ ಬಗ್ಗಿದೆ, ಈಗೆಲ್ಲಿ ಹೋಗದು?" ಎಂದು ಒಲೆ ಊದತೊಡಗಿದರು. ಮೊದಲೇ ನನ್ನದು ದುಡುಕು ಬಾಯಿ. "ಬಿಲ್ಲು ನಂಗೆ ಕಲ್ಸಿ ಅತ್ತೆಮ್ಮ, ನೀವು ಹೋಗ್ಬನ್ನಿ" ಅಂದುಬಿಟ್ಟೆ.

ಮಾವ ಎಲೆಅಡಿಕೆ ಉಗುಳಿ ಬಂದು ನಕ್ಕರು. "ಸೌಟು ಹಿಡ್ದಂಗಲ್ಲ ಅದು."

ಆ ನಗುವಿಗೇ ನಾನು ಕಲಿತೆ ಎಂದರೂ ಸುಳ್ಳಲ್ಲ. ಮೊದಲ ದಿನ ಗುಂಡು ನೇರ ನನ್ನದೇ ಎಡಗೈ ಹೆಬ್ಬೆರಳಿಗೆ ಬಡಿಯಿತು. ಹಗಲಲ್ಲೇ ನಕ್ಷತ್ರ ಕಂಡವು.

"ಬಿಡೋವಾಗ ಬಿಲ್ಲು ಹಿಡ್ದ ಮಣಿಕಟ್ಟು ಒಂಚೂರು ಹೊರಗೆ ತಿರುಗ್ಸ್ಬೇಕು ಮಾರಾಯ್ತಿ, ಇಲ್ದಿದ್ರೆ ಗುಂಡು ಎಲ್ಲಿಗ್ ಹೋಗ್ಬೇಕು?" ಎಂದರು ಅತ್ತೆ.

ಇದನ್ನು ಮೊದಲೇ ಹೇಳಬಹುದಿತ್ತಲ್ಲ! ಕೇಳಿದರೆ, ಪೆಟ್ಟು ತಿನ್ನದೆ ಯಾರೂ ಕೈ ತಿರುಗಿಸುವುದಿಲ್ಲವಂತೆ. ಅವರ ಅತ್ತೆಯೂ ಅವರಿಗೆ ಹೇಳಿರಲಿಲ್ಲವಂತೆ. ಬೆರಳಿಗೆ ಅರಿಸಿನ ಮೆತ್ತಿಕೊಂಡು ಒಂದು ವಾರ ಗೇರುಮರದ ಕಾಂಡಕ್ಕೆ ಹೊಡೆದೆ. ಕೊನೆಕೊನೆಗೆ ಹತ್ತರಲ್ಲಿ ಆರು ತಾಗುತ್ತಿತ್ತು. ನನ್ನ ಜಂಬ ಹೇಳತೀರದು.

ಎಂಟನೇ ದಿನ ಮಂಗಗಳು ಬಂದವು. ದೊಡ್ಡದೊಂದು ಗಂಡು ಮಂಗ, ಹಿಂಡಿನ ಗಡವ, ಗದ್ದೆಯಂಚಿನ ಮತ್ತಿಮರದ ಕೊಂಬೆಯಲ್ಲಿ ಕೂತು, ಕಿತ್ತು ತಂದ ತೆನೆ ಮೇಯುತ್ತಿತ್ತು. ಅತ್ತೆ ಬಿಲ್ಲು ಕೊಟ್ಟರು. ಎಳೆದೆ, ಮಣಿಕಟ್ಟು ತಿರುಗಿಸಿದೆ, ಬಿಟ್ಟೆ. ಗುಂಡು ಮಂಗನ ಕುಂಡೆಗೇ ಬಿತ್ತು! ಅದು ಕಿರುಚಿ ಹಾರಿತು, ಹಿಂಡೆಲ್ಲ ಕಾಡು ಸೇರಿತು. ನಾನು ಕುಣಿಯುವುದೊಂದು ಬಾಕಿ. ತಿರುಗಿ ನೋಡಿದರೆ ಅತ್ತೆ ಎರಡೂ ಕೆನ್ನೆ ಬಡಿದುಕೊಳ್ಳುತ್ತಿದ್ದರು.

"ಮಂಗಂಗೆ ಹೊಡೆಯೋದಲ್ವೇ! ಅದರ ಪಕ್ಕದ ಕೊಂಬೆಗೆ ಹೊಡೆಯೋದು. ಟಪ್ ಅಂದ್ರೆ ಸಾಕು, ಓಡ್ತಾವೆ. ಹನುಮಪ್ಪನ ಪೈಕಿ ಅವು, ನೋವು ಮಾಡ್ಬಾರ್ದು."

ಸಂಜೆ ಹನುಮಂತನ ಗುಡಿಯಲ್ಲಿ ತಪ್ಪುಕಾಯಿ ಒಡೆಸಬೇಕಾಯಿತು. ಮಾವ ಪೂಜೆಯವರಿಗೆ ಗಂಭೀರವಾಗಿ ಹೇಳಿದರು: "ಸೊಸೆ ಹೊಸಬಳು. ಗುರಿ ತಪ್ಪಿ ಮಂಗಂಗೆ ತಾಗ್ತು." ಇಟ್ಟ ಗುರಿ ಮುಟ್ಟಿಸಿದವಳಿಗೆ ಈ ಮಾತು! ಉರಿದುಹೋದೆ. ಆದರೆ ದಾರಿಯಲ್ಲಿ ಅತ್ತೆ ಮೆಲ್ಲಗೆ, "ಈ ವರ್ಷ ಹೋಗದು ಬ್ಯಾಡ ಬಿಡು" ಎಂದಾಗ ಉರಿಯೆಲ್ಲ ಇಳಿದು ಅಳು ಬಂತು. ನನ್ನ ಕೈಯಿಂದಾಗಿ ಆ ಮುದುಕಿಗೆ ಮಗಳ ಮುಖ ತಪ್ಪಿಹೋಗುತ್ತದಲ್ಲ ಎಂದು ಸಂಕಟವಾಯಿತು.

ಮರುದಿನ ಮತ್ತಿಮರದ ಕೊಂಬೆಗೆ ಹಳೆಯ ಮಡಕೆಯೊಂದನ್ನು ಕಟ್ಟಿದೆ. ನನ್ನ ಲೆಕ್ಕಕ್ಕೆ ಆ ಮಡಕೆಯೇ ಮಂಗ. ಮಡಕೆ ಒಡೆಯಬಾರದು, ಅದರಿಂದ ಒಂದು ಗೇಣು ಆಚೆ ಕೊಂಬೆಗೆ ತಾಗಬೇಕು. ಆ ದಿನ ಮೂರು ಮಡಕೆ ಹೋದವು. ಮಾವ ಅಟ್ಟದಿಂದ ಇನ್ನೊಂದನ್ನು ತಾವೇ ಎಡಗೈಯಲ್ಲಿ ಇಳಿಸಿಕೊಟ್ಟರು, ಈ ಸಲ ನಗಲಿಲ್ಲ. ನಾಲ್ಕನೇ ದಿನ ಆ ಮಡಕೆ ಸಂಜೆಯವರೆಗೂ ಉಳಿಯಿತು. ಅತ್ತೆ ಅದನ್ನು ಬಿಚ್ಚಿ, ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲೂ ಬಿರುಕಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹೊರಟರು.

ಎಂಟು ದಿನ ನಾನು ಗದ್ದೆಯಂಚಿನ ಅಟ್ಟಣಿಗೆ ಬಿಟ್ಟು ಇಳಿಯಲಿಲ್ಲ, ಊಟವೂ ಅಲ್ಲೇ. ಗಡವ ಬಂತು. ನನ್ನ ಗುರುತು ಸಿಕ್ಕಿತೋ ಏನೋ, ದೂರವೇ ಕೂತು ಹಲ್ಲು ಕಿರಿಯಿತು. ನಾನೂ ಕಿರಿದೆ. ಮಂಗಗಳು ತಿಂದದ್ದೂ ಉಂಟು, ಸುಳ್ಳು ಹೇಳಬಾರದು; ಆದರೆ ಒಂದಕ್ಕೂ ಪೆಟ್ಟಾಗಲಿಲ್ಲ.

ಒಂಬತ್ತನೇ ದಿನ ಅತ್ತೆ ಬಂದರು. ಗದ್ದೆ ನೋಡುತ್ತಾರೆ, ನಾಲ್ಕು ಮಾತು ಹೊಗಳುತ್ತಾರೆ ಎಂದು ಕಾದರೆ, ನೇರ ಒಳಗೆ ಹೋಗಿ ಗೋಡೆಗೆ ಒರಗಿ ಕೂತರು. ಅವರ ಮುಖ ನೋಡಿ ನನಗೆ ಗದ್ದೆ ಮರೆತುಹೋಯಿತು. ಕೇಳಲು ಹೆದರಿಕೆ, ಕೇಳದೆ ಇರಲಾರೆ.

"ಅತ್ತೆಮ್ಮ, ಅಜ್ಜಿಗೆ ನೀವು ಕಂಡ್ರಾ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ನಗುತ್ತಲೇ ಕಣ್ಣಿಂದ ನೀರು ಇಳಿಯಿತು.

"ಕಂಡೆ ಕಣೇ. ಬಾಗ್ಲಲ್ಲೇ ನಿಲ್ಸಿ ಬೈದ್ಲು, ನಿನ್ ಕೂದ್ಲು ಯಾವಾಗ್ಲೇ ಇಷ್ಟು ಬೆಳ್ಳಗಾಯ್ತು ಅಂತ."