ತಾಲೀಮಿನ ಪಾಪನಿವೇದನೆ

ಮಕ್ಕಳನ್ನು ಮೊದಲ ಪಾಪನಿವೇದನೆಗೆ ತಯಾರು ಮಾಡುವ ಕೆಲಸ ನನಗೆ ಬಂದದ್ದು, ಬೇರೆ ಯಾರೂ ಒಪ್ಪಿಕೊಳ್ಳಲಿಲ್ಲ ಎಂಬ ಕಾರಣಕ್ಕೆ. ಆಗ ನಾನು ಕೋಲ್ಕತ್ತದ ಒಂದು ಇಂಗ್ಲಿಷ್ ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿ ಕೆಲಸಕ್ಕಿದ್ದೆ. ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ, ಸಿಯಾಲ್ದಾ ಹತ್ತಿರದ ನಮ್ಮ ಚರ್ಚಿನ ಹಿಂದಿನ ಕೋಣೆಯಲ್ಲಿ ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಪಾಠ. ಪಾಠ ಇಂಗ್ಲಿಷಿನಲ್ಲಿ, ಜಗಳ ಹಿಂದಿ, ಬಂಗಾಳಿಯಲ್ಲಿ.

ಯಾವುದು ಪಾಪ, ಯಾವುದಲ್ಲ ಎಂಬುದನ್ನು ಮಕ್ಕಳು ಬೇಗ ಕಲಿತುಬಿಡುತ್ತಾರೆ. ಬಾಯಿ ಬಿಡುವುದೇ ಕಷ್ಟ. ಅದಕ್ಕೆ ನಮ್ಮಲ್ಲೊಂದು ರೂಢಿ ಇತ್ತು, ತಾಲೀಮು. ಫಾದರ್ ಕೂರುವ ಹಾಗೆ ನಾನು ಪರದೆಯ ಆಚೆ ಕೂರಬೇಕು. ಮಗು ಮಂಡಿಯೂರಿ ಒಂದು ಕಟ್ಟುಕತೆಯ ಪಾಪ ಹೇಳಬೇಕು. ಕೊನೆಯಲ್ಲಿ, ಇನ್ನು ಮುಂದೆ ಇದನ್ನು ಮಾಡುವುದಿಲ್ಲ ಎಂದು ದೇವರಿಗೆ ಮಾತು ಕೊಡಬೇಕು. ಆ ಮಾತಿಲ್ಲದೆ ಕ್ಷಮೆಯಿಲ್ಲ ಎಂದು ಒತ್ತಿ ಹೇಳಿದ್ದೆ. ಒಳಗೆ ಆಡಿದ್ದು ಹೊರಗೆ ಬರುವುದಿಲ್ಲ ಎಂದೂ ಹೇಳಿದ್ದೆ.

"ಮಿಸ್, ನಾನು ಅಣ್ಣನನ್ನ ಕೊಂದೆ," ಎಂದ ಒಬ್ಬ.

"ಯಾವಾಗ?"

"ನಿನ್ನೆ. ಕ್ಯಾರಂನಲ್ಲಿ."

ಕೋಣೆಯೆಲ್ಲ ನಕ್ಕಿತು. ಆ ನಗು ಇನ್ನೂ ಇಳಿಯದಿರುವಾಗಲೇ ಮುಂದಿನ ಹುಡುಗಿ ಬಂದು ಮಂಡಿಯೂರಿದಳು.

ಅವಳ ಮನೆಯವರು ಆ ಚಳಿಗಾಲದಲ್ಲಷ್ಟೇ ಮೈಸೂರಿನಿಂದ ಬಂದಿದ್ದರು. ತಂದೆ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಅಮೆರಿಕದ ಹಗಲಿಗೆ ಹೊಂದಿಸಿ ರಾತ್ರಿಯೆಲ್ಲ ದುಡಿದು, ಹಗಲು ಮಲಗುತ್ತಿದ್ದರು. ಮನೆ ನ್ಯೂ ಟೌನಿನ ಹೊಸ ಕಟ್ಟಡವೊಂದರ ಕೊನೆಯ ಮಹಡಿಯಲ್ಲಿ. ಕೆಳಗಿನ ಫ್ಲ್ಯಾಟುಗಳು ಬಹುಪಾಲು ಖಾಲಿ. ತಾಯಿ ನನ್ನ ಕನ್ನಡ ಕೇಳಿದ ದಿನದಿಂದ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಮಗಳು ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದಳು.

"ನಾನು ಅಮ್ಮನ ಮಾತು ಕೇಳಲ್ಲ, ಆಂಟಿ. ಮಧ್ಯಾಹ್ನ ಮಲ್ಕೋ ಅಂತಾಳೆ. ಮಲ್ಕೊಳ್ಳಲ್ಲ."

ತಾಲೀಮಿನಲ್ಲಿ ಪ್ರಶ್ನೆ ಕೇಳುವ ಪದ್ಧತಿಯಿಲ್ಲ. ಡೆಸ್ಕಿನ ಅಭ್ಯಾಸ, ಕೇಳಿದೆ. "ಯಾಕೆ?"

"ಅಮ್ಮ ಟೆರೇಸಿಗೆ ಹೋಗ್ತಾಳೆ. ನಾನು ಗೊತ್ತಾಗದ ಹಾಗೆ ಹಿಂದೆ ಹೋಗ್ತೀನಿ. ಅವಳು ತುದೀಲಿ ನಿಂತಿರ್ತಾಳೆ, ಕೆಳಗೆ ನೋಡ್ತಾ. ನಾನು ಕೆಮ್ಮಿದ್ರೆ ವಾಪಸ್ ಬರ್ತಾಳೆ. ನನ್ ಹಿಂದೆ ಬರ್ಬೇಡ ಅಂತ ಬೈತಾಳೆ."

ಅಷ್ಟು ಹೇಳಿ ಕೈಜೋಡಿಸಿ, ನಾನು ಕಲಿಸಿದ ಹಾಗೆಯೇ, ಒಂದು ಪದವೂ ತಪ್ಪದೆ, ಇನ್ನು ಮುಂದೆ ಇದನ್ನು ಮಾಡುವುದಿಲ್ಲ ಎಂದಳು.

ನಿಜವಾದ ಪಾಪನಿವೇದನೆ ಬರುವ ಶನಿವಾರಕ್ಕೆ ನಿಗದಿಯಾಗಿತ್ತು. ಅಂದು ಇದೇ ಮಾತು ಕೊಟ್ಟರೆ, ಆಮೇಲೆ ಟೆರೇಸಿನಲ್ಲಿ ಕೆಮ್ಮಲು ಯಾರೂ ಇರುವುದಿಲ್ಲ.

"ಇದು ಪಾಪ ಅಲ್ಲ ಪುಟ್ಟಿ."

"ಅಮ್ಮ ಬೇಡ ಅಂದಿದ್ದನ್ನ ಮಾಡೋದು ಪಾಪ ಅಂತ ನೀವೇ ಹೇಳಿದ್ರಲ್ಲ? ದೇವರ ಹತ್ತು ಕಟ್ಟಳೇಲಿ ನಾಲ್ಕನೇದು." ಎದ್ದು ಫ್ರಾಕು ಕೊಡವಿಕೊಂಡಳು. "ಯಾರಿಗೂ ಹೇಳಲ್ಲ ಅಲ್ವಾ?"

ಪಾಠ ಅಲ್ಲಿಗೇ ನಿಲ್ಲಿಸಿ ಫಾದರ್ ಹತ್ತಿರ ಹೋದೆ. ವಯಸ್ಸಾದ ಮನುಷ್ಯ, ಮಾತು ಕಡಿಮೆ. ಪೂರ್ತಿ ಕೇಳಿಸಿಕೊಂಡರು.

"ಇದನ್ನೇ ಅವಳು ಶನಿವಾರ ನನಗೆ ಹೇಳಿದ್ದರೆ, ಅವಳ ತಂದೆಗೂ ನಾನು ಬಾಯಿ ಬಿಡುವ ಹಾಗಿರಲಿಲ್ಲ. ನೀನು ಪಾದ್ರಿಯಲ್ಲ. ನಿನ್ನ ಕುರ್ಚಿಗೆ ಆ ಕಟ್ಟು ಇಲ್ಲ. ಇಲ್ಲೇಕೆ ನಿಂತಿದ್ದೀಯ?"

ಹೊಸ ಮನೆ ನೋಡಬೇಕು ಎಂದು ಹೇಳಿ ತಾಯಿ ಮಗಳ ಜೊತೆ ಟ್ಯಾಕ್ಸಿ ಹತ್ತಿದೆ. ನ್ಯೂ ಟೌನಿನಲ್ಲಿ ಆಗ ರಸ್ತೆಗಳಿದ್ದವು, ಜನ ಇರಲಿಲ್ಲ. ಲಿಫ್ಟು ಒಂದೊಂದು ಮಹಡಿ ದಾಟುವಾಗಲೂ ಜಾಲರಿಯಾಚೆ ಬಾಗಿಲಿಲ್ಲದ ಚೌಕಟ್ಟುಗಳು, ಸಿಮೆಂಟಿನ ಚೀಲಗಳು. ಮೇಲೆ, ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಕೋಣೆಯಲ್ಲಿ ಆಕೆಯ ಗಂಡ ಮಲಗಿದ್ದರು.

ಅಡುಗೆಮನೆಯಲ್ಲಿ ಆಕೆ ಆಲೂಗಡ್ಡೆ ಹೆಚ್ಚುತ್ತಿದ್ದಳು. ಸುತ್ತಿ ಬಳಸಿ ಕೇಳಿದರೆ ಸುತ್ತಿ ಬಳಸಿದ ಉತ್ತರವೇ ಸಿಗುತ್ತದೆ ಎಂಬುದು ನನ್ನ ವೃತ್ತಿಯ ಅನುಭವ.

"ಟೆರೇಸಿನ ತುದೀಲಿ ನಿಂತಾಗ ಸಾಯಬೇಕು ಅನ್ನಿಸುತ್ತಾ?"

ಚಾಕು ನಿಲ್ಲಲಿಲ್ಲ. "ಹಾಗೇನಿಲ್ಲ ಅಕ್ಕಾ. ಅಲ್ಲಿ ತಲೆಯೊಳಗೆ ಸದ್ದಿರಲ್ಲ, ಅಷ್ಟೇ." ಹೆಚ್ಚಿದ ಹೋಳುಗಳನ್ನು ನೀರಿಗೆ ಹಾಕುತ್ತಾ, "ಇವಳು ಹೇಳಿದ್ಲಾ?"

ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಗಂಡನನ್ನು ಎಬ್ಬಿಸಿದೆ. "ಅವಳಿಗೆ ಬೇಜಾರು ಮೇಡಂ, ಇಲ್ಲಿ ಯಾರೂ ಗೊತ್ತಿಲ್ಲ ನೋಡಿ. ಈ ಪ್ರಾಜೆಕ್ಟೊಂದು ಮುಗೀಲಿ, ಊರಿಗೆ ಕರ್ಕೊಂಡು ಹೋಗ್ತೀನಿ," ಎಂದರು. ಅವರು ನಿದ್ದೆ ಮಾಡುವ ಹೊತ್ತಿನಲ್ಲಿ ಮಗಳು ಏನು ಕೆಲಸ ಮಾಡುತ್ತಿದ್ದಾಳೆ ಎಂದು ಹೇಳಿದೆ. ಮಂಚದ ಮೇಲೆ ಕೂತರು. ಕೈಯಲ್ಲಿದ್ದ ಕನ್ನಡಕವನ್ನು ಹಾಕಿಕೊಳ್ಳಲೂ ಇಲ್ಲ, ಕೆಳಗಿಡಲೂ ಇಲ್ಲ.

ಮಾರನೆಯ ದಿನ ವೈದ್ಯರಿಗೆ ತೋರಿಸಿದರು. ಮಾತ್ರೆ ಶುರುವಾಯಿತು. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬೇಡಿ ಎಂದರಂತೆ. ಮೈಸೂರಿನಿಂದ ಆಕೆಯ ತಂಗಿ ಹೊರಟಿದ್ದಳು, ಇನ್ನೂ ತಲುಪಿರಲಿಲ್ಲ. ಗಂಡ ರಜೆ ಹಾಕಿ ಮನೆಯಲ್ಲಿ ಕೂತರು. ಶನಿವಾರ ಮಾತ್ರ ಆಫೀಸಿನವರು ಬಿಡಲಿಲ್ಲ. ಹೆಂಡತಿಯನ್ನೂ ಮಗಳನ್ನೂ ಚರ್ಚಿನ ಗೇಟಿನಲ್ಲಿ ನನಗೊಪ್ಪಿಸಿ ಹೋದರು.

ಆ ಸಂಜೆ ಕಾಲ್ ಬೈಶಾಖಿ ಏಳುವುದರಲ್ಲಿತ್ತು. ಬಿರುಗಾಳಿಗೆ ಮುಂಚಿನ ಆ ಹೊತ್ತಿನಲ್ಲಿ ಎಲೆ ಅಲುಗುವುದಿಲ್ಲ, ಆಕಾಶ ಸೀಸದ ಬಣ್ಣಕ್ಕೆ ತಿರುಗುತ್ತದೆ. ಒಳಗೆ ದೀಪ ಹಾಕಿದ್ದರು. ಮಕ್ಕಳು ಸಾಲಿನಲ್ಲಿ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ತಾಯಿ ನಡುವಿನ ಬೆಂಚಿನಲ್ಲಿ ಕೂತಿದ್ದಳು. ಹುಡುಗಿಯ ಸರದಿ ಬಂತು. ಅವಳು ಕದಲಲಿಲ್ಲ.

"ಹೋಗು ಪುಟ್ಟಿ. ಫಾದರ್ ಕಾಯ್ತಿದ್ದಾರೆ."

"ನಾನು ಒಳಗಿದ್ದಾಗ ಅಮ್ಮನ್ನ ಯಾರು ನೋಡ್ಕೋತಾರೆ?"

"ನಾನು."

"ನೀವು ಎಲ್ಲಾರಿಗೂ ಹೇಳ್ಬಿಡ್ತೀರ."

"ಹೌದು, ಹೇಳ್ಬಿಡ್ತೀನಿ. ಅವಳು ಎದ್ದರೂ ಹೇಳ್ತೀನಿ, ಹೊರಟರೂ ಹೇಳ್ತೀನಿ."

ಅವಳು ಅದನ್ನು ಅಳೆದು ನೋಡಿದಳು. "ಹಾಗಾದ್ರೆ ಸರಿ," ಎಂದು ಒಳಗೆ ಹೋದಳು.

ನಾನು ಹೋಗಿ ತಾಯಿಯ ಪಕ್ಕದಲ್ಲಿ ಕೂತೆ. ಆಕೆ ನನ್ನ ಕಡೆ ತಿರುಗಲಿಲ್ಲ.

"ಪಾಳಿ ಬದಲಾಯ್ತಾ ಅಕ್ಕಾ?"

"ಆಯ್ತು."

"ಎಷ್ಟು ದಿನ ಅಂತ ಕಾಯ್ತೀರ ನೀವೆಲ್ಲ?"

ಗೊತ್ತಿಲ್ಲ ಎಂದೇ ಹೇಳಿದೆ. ಆಗ ಗಾಳಿ ಎದ್ದಿತು. ಎಲ್ಲೋ ಒಂದು ಕಿಟಕಿ ಬಡಿಯಿತು, ಕರೆಂಟು ಹೋಯಿತು, ಸಾಲಿನಲ್ಲಿದ್ದ ಮಕ್ಕಳು ಖುಷಿಯಿಂದ ಕಿರುಚಿದರು.

"ಇಲ್ಲಿ ಉಸಿರು ಕಟ್ಟುತ್ತೆ. ಸ್ವಲ್ಪ ಹೊರಗೆ ಹೋಗ್ತೀನಿ," ಎಂದು ಆಕೆ ಎದ್ದು ಕತ್ತಲಲ್ಲಿ ಪಕ್ಕದ ಬಾಗಿಲ ಕಡೆ ನಡೆದಳು.

ನಾನೂ ಎದ್ದೆ.